ಏರ್‌ಪೋರ್ಟಿನಿಂದಲೇ ವಾಪಸ್ ಕಳಿಸಿದರು: ವಿಸಿಟ್ ವೀಸಾದಲ್ಲಿ ಗಲ್ಫಿಗೆ ಹೊರಟವರು ದಯವಿಟ್ಟು ಓದಿ

ನನ್ನ ಅಕ್ಕನ ಮಗ ಹೋದ ತಿಂಗಳು ಮಂಗಳೂರಿನ ಬಜ್ಪೆ ಏರ್‌ಪೋರ್ಟಿನಿಂದ ಗಲ್ಫಿಗೆ ಹೊರಟವನು ಅಲ್ಲಿಯ ಏರ್‌ಪೋರ್ಟ್ ದಾಟಲಿಲ್ಲ. ಇಮಿಗ್ರೇಶನ್ ಕೌಂಟರಿನಿಂದ ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ, ಹತ್ತೊಂಬತ್ತು ಗಂಟೆ ಕೂರಿಸಿ, ಮರುದಿನದ ವಿಮಾನದಲ್ಲಿ ಹಿಂದಕ್ಕೆ ಕಳಿಸಿದರು. ವೀಸಾ ಅಸಲಿಯೇ. ಪಾಸ್‌ಪೋರ್ಟೂ ಸರಿ ಇತ್ತು. ಕಾಪು, ಪಡುಬಿದ್ರಿ, ಸುರತ್ಕಲ್ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ದಾರಿಯಲ್ಲಿ ಹೊರಡಲು ಬ್ಯಾಗ್ ಕಟ್ಟುತ್ತಿರುವ ಹುಡುಗರಿದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಹುಡುಗ ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್. ಏಜೆಂಟ್ ಹೇಳಿದ್ದು ನೀವೆಲ್ಲ ಕೇಳಿದ ಮಾತೇ: "ಈಗ ವಿಸಿಟಲ್ಲಿ ಹೋಗ್ಲಿ, ಕೆಲಸ ಸಿಕ್ಕಿದ ಮೇಲೆ ಅಲ್ಲೇ ವೀಸಾ ಚೇಂಜ್ ಮಾಡುವಾ." ಒಟ್ಟು 85 ಸಾವಿರ. ಅಕ್ಕ ಸೊಸೈಟಿಯಲ್ಲಿ ಎರಡು ಬಳೆ ಅಡವಿಟ್ಟಳು, ಉಳಿದದ್ದು ನಾನು ಹಾಕಿದೆ. ಆ ಏಜೆಂಟನ ಹತ್ತಿರ ಕರೆದುಕೊಂಡು ಹೋದದ್ದೂ ನಾನೇ. ಅದು ಈಗಲೂ ಎದೆಯಲ್ಲಿ ಕುಟುಕುತ್ತದೆ.

ಹೊರಡುವ ಹಿಂದಿನ ದಿನ ವಾಟ್ಸಾಪಿನಲ್ಲಿ ಹೋಗುವ ಟಿಕೆಟ್, ಬರುವ ಟಿಕೆಟ್, ಹೋಟೆಲ್ ಬುಕಿಂಗ್, ಮೂರೂ ಬಂದವು. ಪ್ರಿಂಟ್ ತೆಗೆಸಿ ಕೊಟ್ಟೆ. ಓದಲಿಲ್ಲ. ಎಲ್ಲ ಮುಗಿದ ಮೇಲೆ ಅದೇ ಕಾಗದಗಳನ್ನು ಮೇಜಿನ ಮೇಲೆ ಹರಡಿ ನೋಡಿದೆ. ಬರುವ ಟಿಕೆಟ್ ಬೇರೆ ವಿಮಾನ ಕಂಪನಿಯದ್ದು, ಮುಂಬೈ ಮೇಲಾಗಿ. ಆರು ಅಕ್ಷರದ ಪಿಎನ್‌ಆರ್ (ಬುಕಿಂಗ್ ನಂಬರ್) ಉಂಟು, 13 ಅಂಕಿಯ ಟಿಕೆಟ್ ನಂಬರ್ ಇರಬೇಕಾದ ಜಾಗ ಖಾಲಿ. ಅಂದರೆ ಸೀಟು ಹಿಡಿದಿಟ್ಟದ್ದು ಮಾತ್ರ, ದುಡ್ಡು ಕಟ್ಟಿಲ್ಲ. ಅಂಥ ಬುಕಿಂಗ್ ಒಂದೆರಡು ದಿನದಲ್ಲಿ ತಾನಾಗಿ ರದ್ದಾಗುತ್ತದೆ. ಏಜೆಂಟರು ಇದಕ್ಕೆ ಡಮ್ಮಿ ಟಿಕೆಟ್ ಅನ್ನುತ್ತಾರೆ, ಏನೂ ಆಗುವುದಿಲ್ಲ ಎಂದು ಧೈರ್ಯವನ್ನೂ ಕೊಡುತ್ತಾರೆ. ಕಡಿಮೆ ದರದ ವಿಮಾನಗಳ ಟಿಕೆಟಿನಲ್ಲಿ ಆ 13 ಅಂಕಿ ಕಾಣದಿರಬಹುದು. ಹಾಗಾಗಿ ಕಂಪನಿಯ ವೆಬ್‌ಸೈಟಿಗೇ ಹೋಗಿ ಪಿಎನ್‌ಆರ್ ಹಾಕಿ, ದುಡ್ಡು ಕಟ್ಟಿ ಕನ್ಫರ್ಮ್ ಆದದ್ದೋ ಅಲ್ಲವೋ ನೋಡಿ. ಹೊರಡುವ ದಿನ ಮನೆ ಬಿಡುವ ಮೊದಲು ಇನ್ನೊಮ್ಮೆ ನೋಡಿ. ಎರಡು ನಿಮಿಷದ ಕೆಲಸ, ನಾವು ಮಾಡಲಿಲ್ಲ.

ಕೌಂಟರಿನಲ್ಲಿ ಕೇಳಿದ್ದು ಹೆಚ್ಚೇನಿಲ್ಲ. ಎಲ್ಲಿ ಉಳಿಯುತ್ತೀ? ಹೋಟೆಲಿನ ಹೆಸರು ಹೇಳಿದ. ಅವರು ಫೋನ್ ಮಾಡಿದರು, ಬುಕಿಂಗ್ ಆವತ್ತೇ ಬೆಳಿಗ್ಗೆ ಕ್ಯಾನ್ಸಲ್ ಆಗಿತ್ತು. ವಾಪಸ್ ಟಿಕೆಟ್? ಕಂಪ್ಯೂಟರಿನಲ್ಲಿ ಇಲ್ಲ. ದುಡ್ಡು ಎಷ್ಟುಂಟು? ಪರ್ಸಿನಲ್ಲಿ 500 ದಿರ್ಹಮ್. ಯಾಕೆ ಬಂದದ್ದು? ಏಜೆಂಟ್ ಬಾಯಿಪಾಠ ಮಾಡಿಸಿದ ಹಾಗೆ "ಊರು ನೋಡ್ಲಿಕ್ಕೆ" ಅಂದ. ಆಗ ಕೈಚೀಲ ತೆರೆಸಿದರು. ಮೇಲೆಯೇ ನೀಲಿ ಫೈಲು. ಅದರಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಐಟಿಐ ಸರ್ಟಿಫಿಕೇಟು, ಬಯೋಡಾಟಾದ ಹನ್ನೆರಡು ಪ್ರತಿ. ಅಧಿಕಾರಿ ಒಂದೊಂದಾಗಿ ತೆಗೆದು ಇವನ ಮುಂದೆ ಸಾಲಾಗಿ ಇಟ್ಟರಂತೆ. ಆಮೇಲೆ ಪ್ರಶ್ನೆ ಕೇಳಲಿಲ್ಲ.

ಅವರು ಮಾಡಿದ್ದು ತಪ್ಪು ಎಂದು ನಾನು ಹೇಳಲಾರೆ. ವೀಸಾ ಇದ್ದ ಮಾತ್ರಕ್ಕೆ ಒಳಗೆ ಬಿಡಲೇಬೇಕು ಎಂದು ಯಾವ ದೇಶದಲ್ಲೂ ಇಲ್ಲ, ಕೊನೆಯ ಮಾತು ಕೌಂಟರಿನಲ್ಲಿ ಕೂತವರದ್ದು. ಯುಎಇಯನ್ನೇ ತೆಗೆದುಕೊಳ್ಳಿ: 2024ರಿಂದ ವಿಸಿಟ್ ವೀಸಾದವರ ತಪಾಸಣೆ ಬಿಗಿಯಾಗಿದೆ. ವಾಪಸ್ ಟಿಕೆಟ್, ಉಳಿಯುವ ಜಾಗದ ದಾಖಲೆ, ಒಂದು ತಿಂಗಳ ವೀಸಾ ಆದರೆ ಕೈಯಲ್ಲೋ ಕಾರ್ಡಿನಲ್ಲೋ 3,000 ದಿರ್ಹಮ್ ತೋರಿಸಬೇಕು. ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲದೆ ಒಂದೇ ಹೆಸರು ಇದ್ದವರು 2022ರ ನವೆಂಬರಿನಿಂದ ಅಲ್ಲಿಗೆ ವಿಸಿಟ್ ವೀಸಾದಲ್ಲಿ ಹೋಗುವ ಮೊದಲು ವಿಚಾರಿಸಲೇಬೇಕು.

ರಾತ್ರಿ ಹನ್ನೊಂದೂವರೆಗೆ ನನಗೊಂದು ಮೆಸೇಜ್ ಬಂತು: "ಮಾಮ, ಒಳಗೆ ಕೂರಿಸಿದ್ದಾರೆ." ಆಮೇಲೆ ಫೋನ್ ತೆಗೆದಿಟ್ಟುಕೊಂಡರು. ಏಜೆಂಟ್ ಮೊದಲ ಸಲ "ಹತ್ತು ನಿಮಿಷದಲ್ಲಿ ಬಿಡ್ತಾರೆ" ಅಂದ, ಎರಡನೇ ಸಲ ಎತ್ತಲಿಲ್ಲ, ಬೆಳಿಗ್ಗೆ ಸ್ವಿಚ್ ಆಫ್. ಅಕ್ಕ ದೇವರ ದೀಪದ ಮುಂದೆ ಕೂತವಳು ಏಳಲಿಲ್ಲ. ಮಧ್ಯಾಹ್ನ ವಿಮಾನ ಕಂಪನಿಗೆ ಫೋನ್ ಮಾಡಿ ಪಿಎನ್‌ಆರ್ ಕೊಟ್ಟಾಗಲೇ ಹುಡುಗ ಸಂಜೆಯ ವಿಮಾನದಲ್ಲಿ ಇದ್ದಾನೆ ಎಂದು ತಿಳಿದದ್ದು. ಕರೆದುಕೊಂಡು ಹೋದ ಕಂಪನಿಯೇ ವಾಪಸ್ ತರಬೇಕೆಂಬುದು ನಿಯಮ, ಖರ್ಚನ್ನು ಪ್ರಯಾಣಿಕನಿಂದ ವಸೂಲಿ ಮಾಡಬಹುದು. ಹಾಗಾಗಿ ಇಂಥ ಹೊತ್ತಿನಲ್ಲಿ ಮೊದಲು ಕೇಳಬೇಕಾದದ್ದು ಅವರನ್ನು. ದುಬಾಯಿಯಲ್ಲಾದರೆ ನಮ್ಮ ಕಾನ್ಸುಲೇಟಿನ ಸಹಾಯವಾಣಿ ಉಂಟು, ಅಲ್ಲಿಂದ 800 46342 ಒತ್ತಿದರೆ ಉಚಿತ. ಅವರು ಒಳಗೆ ಬಿಡಿಸಲಾರರು, ಆದರೆ ಹುಡುಗ ಎಲ್ಲಿದ್ದಾನೆ ಎಂದು ವಿಚಾರಿಸಿಯಾರು. ವಶದಲ್ಲಿದ್ದವರು ನಮ್ಮ ಕಾನ್ಸುಲೇಟಿಗೆ ತಿಳಿಸಿ ಎಂದು ಕೇಳಬಹುದು, 1963ರ ವಿಯೆನ್ನಾ ಒಪ್ಪಂದದಲ್ಲಿ ಆ ಹಕ್ಕು ಉಂಟು. ಇದನ್ನು ಹೊರಡುವವನಿಗೆ ಮೊದಲೇ ಹೇಳಿಕೊಡಿ, ನಂಬರನ್ನು ಕಾಗದದಲ್ಲಿ ಬರೆದು ಕಿಸೆಯಲ್ಲಿಡಿ.

ಅವನ ಪಾಸ್‌ಪೋರ್ಟನ್ನು ಕವರಿನಲ್ಲಿ ಹಾಕಿ ವಿಮಾನದ ಸಿಬ್ಬಂದಿಗೆ ಕೊಟ್ಟಿದ್ದರು. ಬಜ್ಪೆಯಲ್ಲಿ ಇಳಿದ ಮೇಲೆ ನಮ್ಮ ಇಮಿಗ್ರೇಶನ್‌ನವರು ಒಂದು ಗಂಟೆ ವಿಚಾರಿಸಿ, ಹೇಳಿಕೆ ಬರೆಸಿಕೊಂಡು ಬಿಟ್ಟರು. ಕೊನೆಯವನಾಗಿ ಹೊರಗೆ ಬಂದ. ಫೈಲನ್ನು ಎದೆಗೆ ಒತ್ತಿ ಹಿಡಿದಿದ್ದ. ಕಾರು ಕೆಂಜಾರು ದಾಟುವವರೆಗೆ ಮಾತಿಲ್ಲ. ಆಮೇಲೆ ಕೇಳಿದ್ದು ಒಂದೇ, "ಮಾಮ, ಅಮ್ಮನಿಗೆ ಎಂತ ಹೇಳುದು?"

ಎಸ್ಸೆಸ್ಸೆಲ್ಸಿ ಪಾಸಾಗದವರಿಗೆ ಇನ್ನೂ ಹೆಚ್ಚಿನ ಅಪಾಯ. ಅವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಶನ್ ತಪಾಸಣೆ ಬೇಕಾದ ವರ್ಗ) ಆಗಿರುತ್ತದೆ, ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರಕಾರದ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕು. ವಿಸಿಟ್ ಎಂದು ಹೇಳಿ ಕೆಲಸಕ್ಕೆ ಹೋದರೆ ಆ ರಕ್ಷಣೆಯೂ ಇಲ್ಲ, ಅದರ ಜೊತೆ ಬರುವ 10 ಲಕ್ಷದ ವಿಮೆಯೂ ಇಲ್ಲ. ಏಜೆಂಟ್ ನೋಂದಾಯಿತನೋ ಎಂದು ಸರಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ಸೇವಾ ಶುಲ್ಕವೆಂದು ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ನಮ್ಮ ಏಜೆಂಟನ ಹೆಸರು ಆ ಪೋರ್ಟಲಿನ ಪಟ್ಟಿಯಲ್ಲೇ ಇರಲಿಲ್ಲ.

ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ದುಡ್ಡು ನಗದಾಗಿ ಕೊಟ್ಟದ್ದು, ರಸೀದಿ ಇಲ್ಲ. ಈಗ ಕೈಯಲ್ಲಿರುವುದು ವಾಟ್ಸಾಪಿನ ಮಾತುಕತೆ ಮತ್ತು ಆ ಮೂರು ಕಾಗದ ಮಾತ್ರ. ನಿಮಗೂ ಹೀಗೇ ಆಗಿದ್ದರೆ ನಾಚಿಕೊಂಡು ಮೆಸೇಜುಗಳನ್ನು ಅಳಿಸಬೇಡಿ, ಟಿಕೆಟಿನ ಪ್ರಿಂಟ್ ಹರಿದು ಬಿಸಾಡಬೇಡಿ. ಅದನ್ನು ತೆಗೆದುಕೊಂಡು ಹತ್ತಿರದ ಸ್ಟೇಷನ್ನಿಗೆ ಹೋಗಿ.