ಎಲಿಪ್ಪತ್ತಾಯಮೋ, ವೈಟ್ ಮೆಟೀರಿಯಲ್ಲೋ?

ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿ ಕಡೆ ಓಡಾಡುವ ಬೆಂಗಳೂರಿನ ಸಿನಿಮಾಸಕ್ತರಿಗೆ ಅಡೂರ್ ಗೋಪಾಲಕೃಷ್ಣನ್ ಅವರ ಮಲಯಾಳಂ ಚಿತ್ರ ‘ಎಲಿಪ್ಪತ್ತಾಯಂ’ (ಇಲಿಬೋನು, 1981) ಹೊಸದಾಗಿರಲಾರದು. ಫ್ರೆಂಚ್ ನಿರ್ದೇಶಕಿ ಕ್ಲೇರ್ ಡೆನಿಯವರ ‘ವೈಟ್ ಮೆಟೀರಿಯಲ್’ (2009) ನೋಡಿದವರು ಕಡಿಮೆ. ಎರಡರಲ್ಲೂ ಹೊರಜಗತ್ತು ಬದಲಾದರೂ ಕದಲದ ಕುಟುಂಬವಿದೆ.

ವಸಾಹತುಶಾಹಿಯ ಕಥೆಯೇ ಬೇಕೆಂದರೆ ಡೆನಿಯವರ ಚಿತ್ರ ಆರಿಸಿಕೊಳ್ಳಿ. ಹೆಸರಿಲ್ಲದ ಆಫ್ರಿಕನ್ ದೇಶ, ಅಂತರ್ಯುದ್ಧ. ಫ್ರೆಂಚ್ ಸೈನಿಕರು ಹೆಲಿಕಾಪ್ಟರಿನಿಂದ ಕೂಗಿ ಹೊರಡಲು ಹೇಳಿದರೂ ಅಲ್ಲಿ ತೋಟ ನಡೆಸುವ ಬಿಳಿಯ ಮಹಿಳೆ ಮರಿಯಾ ಕಾಫಿ ಕೊಯ್ಲಿಗೆ ಆಳು ಹುಡುಕುತ್ತಾಳೆ! ಆ ನೆಲ ತನ್ನದೆಂಬ ಅವಳ ಹಟ ಸಿಟ್ಟು ತರಿಸುತ್ತದೆ. ಮರಿಯಾ ಪಾತ್ರದ ಇಸಬೆಲ್ ಯುಪೇರ್ ನಟನೆಯಿಂದ ಮಾತ್ರ ಕಣ್ಣು ಕೀಳಲಾಗುವುದಿಲ್ಲ. ಕಥೆ ಹಿಂದುಮುಂದಾಗಿ ಸಾಗುವುದರಿಂದ ಮೊಬೈಲ್ ಬದಿಗಿಟ್ಟು ನೋಡಬೇಕು.

ಅಡೂರರದು ಕೇರಳದ ಊಳಿಗಮಾನ್ಯ ಮನೆತನದ ಅವಸಾನ: ಉಣ್ಣಿ, ಅವನ ಸಹೋದರಿಯರು, ಒಂದು ಇಲಿಬೋನು. ನಡೆ ನಿಧಾನ, ರೂಪಕ ನೇರ. ಒಂದನ್ನೇ ನೋಡುವಷ್ಟು ಬಿಡುವಿದ್ದರೆ ನನ್ನ ಮತ ಇದಕ್ಕೇ.