ಕಾಸ್ಮೊಲ್ಯಾಟಿಸ್: ಗೌಸ್ ನಿಯಮ ಪಾಸಾದರೆ ಉತ್ತರವೂ ಸರಿಯೇ?

ಇನ್‌ಫ್ಲೇಷನ್, ಅಂದರೆ ಆರಂಭದ ವಿಶ್ವ ಭಾರೀ ವೇಗದಲ್ಲಿ ಹಿಗ್ಗಿದ ಘಟ್ಟ, ಮುಗಿದ ಕೂಡಲೇ ವಿಶ್ವದಲ್ಲಿ ನಡೆದದ್ದು ಪೂರಾ ಗದ್ದಲ. ಕ್ಷೇತ್ರಗಳು ಒಂದನ್ನೊಂದು ಅನುರಣನದಲ್ಲಿ ಉಬ್ಬಿಸುತ್ತವೆ, ಸಮೀಕರಣಗಳು ರೇಖೀಯವಾಗಿ ಉಳಿಯುವುದಿಲ್ಲ, ಕಾಗದ ಪೆನ್ನು ಅಲ್ಲಿಗೆ ಕೈಚೆಲ್ಲುತ್ತವೆ. ಆಗ ಉಳಿಯುವ ದಾರಿ ಜಾಗವನ್ನು ಬಿಂದುಗಳ ಜಾಲರಿಯಾಗಿ ತುಂಡರಿಸಿ ಕಂಪ್ಯೂಟರಿಗೆ ಕೊಡುವುದು. ಈ ಕೆಲಸಕ್ಕೆ ಬರೆದ ಸಿ ಪ್ಲಸ್ ಪ್ಲಸ್ ಪ್ಯಾಕೇಜೇ ಕಾಸ್ಮೊಲ್ಯಾಟಿಸ್. ಡೇನಿಯಲ್ ಫಿಗೆರೋವಾ, ಏಡ್ರಿಯೆನ್ ಫ್ಲೋರಿಯೊ, ಫ್ರಾನ್ಸಿಸ್ಕೊ ಟೊರೆಂಟಿ ಮತ್ತು ವೆಸೆಲ್ ವಾಲ್ಕೆನ್‌ಬರ್ಗ್ ಇದನ್ನು 2021ರಲ್ಲಿ ಹೊರತಂದರು. ಎಂಐಟಿ ಪರವಾನಗಿ, ಪೂರ್ತಿ ಉಚಿತ. ಗುರುತ್ವ ತರಂಗಗಳ ಲೆಕ್ಕ 2022ರಲ್ಲಿ ಸೇರಿತು.

ಇದಕ್ಕೂ ಮೊದಲು ಲ್ಯಾಟಿಸ್‌ಈಜಿ ಇತ್ತು, ಡಿಫ್ರಾಸ್ಟ್ ಇತ್ತು, ಎಚ್‌ಲ್ಯಾಟಿಸ್ ಇತ್ತು. ಅವೆಲ್ಲ ಮುಖ್ಯವಾಗಿ ಸ್ಕೇಲರ್ ಕ್ಷೇತ್ರಗಳಿಗೆ, ಅಂದರೆ ಪ್ರತಿ ಬಿಂದುವಿನಲ್ಲೂ ದಿಕ್ಕಿಲ್ಲದ ಒಂದು ಸಂಖ್ಯೆಯಷ್ಟೇ ಇರುವ ಕ್ಷೇತ್ರಗಳಿಗೆ, ಬರೆದವು. ಹಿಗ್ಗುವ ವಿಶ್ವದಲ್ಲಿ ಯು-1 (ವಿದ್ಯುತ್ಕಾಂತೀಯ ಬಗೆಯದು) ಮತ್ತು ಎಸ್‌ಯು-2 (ದುರ್ಬಲ ಬಲದ ಬಗೆಯದು) ಗೇಜ್ ಕ್ಷೇತ್ರಗಳನ್ನು, ಅಂದರೆ ಬಲ ಸಾಗಿಸುವ ಕ್ಷೇತ್ರಗಳನ್ನು, ಸಿದ್ಧ ರೂಪದಲ್ಲಿ ಕೈಗಿಡುವುದೇ ಇದರ ನಿಜವಾದ ಬೆಲೆ. ಕ್ವಾರ್ಕ್‌ಗಳ ಬಲವನ್ನು ಜಾಲರಿಯ ಮೇಲೆ ಲೆಕ್ಕಹಾಕುವ ಲ್ಯಾಟಿಸ್ ಕ್ಯೂಸಿಡಿಯವರ ಮಾಂಟೆ ಕಾರ್ಲೊ (ಯಾದೃಚ್ಛಿಕವಾಗಿ ಆರಿಸಿ ಸರಾಸರಿ ತೆಗೆಯುವ) ವಿಧಾನದ ಜೊತೆ ಇದನ್ನು ಬೆರೆಸಬೇಡಿ. ಇಲ್ಲಿ ಕಾಲ ನಿಜಕಾಲವೇ, ಶಾಸ್ತ್ರೀಯ ಚಲನೆಯ ಸಮೀಕರಣಗಳನ್ನು ಹೆಜ್ಜೆಹೆಜ್ಜೆಯಾಗಿ ಮುಂದೆ ತಳ್ಳುವುದಷ್ಟೇ ಕೆಲಸ.

ಇನ್‌ಸ್ಟಾಲ್ ಸುಲಭ. ಬಿಲ್ಡ್ ಮಾಡುವ ಸಿಮೇಕ್, ಫೂರಿಯೆ ರೂಪಾಂತರದ ಲೈಬ್ರರಿ ಎಫ್‌ಎಫ್‌ಟಿಡಬ್ಲ್ಯು-3 ಇದ್ದರೆ ಸಾಕು. ಬಿಲ್ಡ್ ಫೋಲ್ಡರ್ ಮಾಡಿ, ಸಿಮೇಕ್‌ಗೆ ಮಾಡೆಲ್ ಹೆಸರು ಕೊಟ್ಟು, ಮೇಕ್ ಹೊಡೆದರೆ ಆಯಿತು. ಹಲವು ಕೋರ್‌ಗಳಲ್ಲಿ ಓಡಿಸಲು ಎಂಪಿಐ (ಪ್ರೊಸೆಸ್‌ಗಳ ನಡುವೆ ದತ್ತಾಂಶ ಸಾಗಿಸುವ ವ್ಯವಸ್ಥೆ) ಆನ್ ಮಾಡಿ. ಉಬುಂಟುವಿನಲ್ಲಿ ಎಫ್‌ಎಫ್‌ಟಿಡಬ್ಲ್ಯುವಿನ ಎಂಪಿಐ ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕು, ಇಲ್ಲದಿದ್ದರೆ ಲಿಂಕ್ ಮಾಡುವಾಗ ಕೈಕೊಡುತ್ತದೆ. ದೊಡ್ಡ ದತ್ತಾಂಶವನ್ನು ಕಡತಕ್ಕೆ ಬರೆಯುವ ಎಚ್‌ಡಿಎಫ್-5 ಲೈಬ್ರರಿ ಕೂಡ ಹಾಗೆಯೇ: ಎಂಪಿಐ ಜೊತೆ ಬೇಕೆಂದರೆ ಅದರ ಸಮಾಂತರ ಆವೃತ್ತಿಯೇ ಆಗಬೇಕು. ಅದು ಐಚ್ಛಿಕ ಎಂದು ಬಿಟ್ಟುಬಿಡಬೇಡಿ. ಓಟವನ್ನು ಅರ್ಧಕ್ಕೆ ಉಳಿಸಿ ಮತ್ತೆ ಮುಂದುವರಿಸಲು ಅದೇ ಬೇಕು, ಮೂರನೇ ದಿನ ಕರೆಂಟ್ ಹೋದಾಗ ಬೆಲೆ ಗೊತ್ತಾಗುತ್ತದೆ. ಇನ್ನೊಂದು ಮಾತು: ಎಫ್‌ಎಫ್‌ಟಿಡಬ್ಲ್ಯು ಜಾಲರಿಯನ್ನು ಒಂದೇ ದಿಕ್ಕಿನಲ್ಲಿ ಹೋಳು ಮಾಡುತ್ತದೆ. ಬದಿಗೆ 256 ಬಿಂದುಗಳಿದ್ದರೆ 256ಕ್ಕಿಂತ ಹೆಚ್ಚು ಪ್ರೊಸೆಸ್ ಕೊಟ್ಟು ಉಪಯೋಗವಿಲ್ಲ. ಅಷ್ಟು ದೊಡ್ಡ ಯಂತ್ರ ಸಿಕ್ಕಿದ್ದರೆ ಪಿಎಫ್‌ಎಫ್‌ಟಿ ಲೈಬ್ರರಿ ಜೋಡಿಸಿ, ಅದು ಎರಡು ದಿಕ್ಕಿನಲ್ಲಿ ಕತ್ತರಿಸುತ್ತದೆ.

ಜೊತೆಗೆ ಬರುವ ಲ್ಯಾಂಬ್ಡಾ-ಫೈ-4 ಉದಾಹರಣೆಯಿಂದಲೇ ಶುರು ಮಾಡಿ. ಫೈ (φ) ಕ್ಷೇತ್ರದ ನಾಲ್ಕನೇ ಘಾತದ ವಿಭವ, ಅದಕ್ಕೆ ಜೋಡಿಸಿದ ಇನ್ನೊಂದು ಕ್ಷೇತ್ರ ಕೈ (χ), ಇಷ್ಟೇ ಆ ಮಾದರಿ. ಅದರಲ್ಲಿ ಬದಿಗೆ 32 ಬಿಂದು, ಅತಿ ಸಣ್ಣ ತರಂಗ ಸಂಖ್ಯೆ 0.75, ಕಾಲದ ಹೆಜ್ಜೆ 0.01, ಜೋಡಣೆಯ ಅನುಪಾತ ಕ್ಯೂ 100. ಲ್ಯಾಪ್‌ಟಾಪಿನಲ್ಲಿ ಆರಾಮಾಗಿ ಓಡುತ್ತದೆ. ಚೆನ್ನಾಗಿ ಓಡಿತಲ್ಲ ಎಂದು 32 ಅಳಿಸಿ 512 ಹಾಕಿದರೆ ಮಾತ್ರ ಕಥೆ ಕೆಡುತ್ತದೆ. ಪೆಟ್ಟಿಗೆಯ ಬದಿ ಎರಡು ಪೈ ಭಾಗಿಸು 0.75, ಅಂದರೆ 8.38. ಅದನ್ನು 512ರಿಂದ ಭಾಗಿಸಿದರೆ ಬಿಂದುಗಳ ಅಂತರ 0.0164. ಕಾಲದ ಹೆಜ್ಜೆ ಈ ಅಂತರವನ್ನು √3ರಿಂದ ಭಾಗಿಸಿದ್ದಕ್ಕಿಂತ, ಅಂದರೆ 0.0094ಕ್ಕಿಂತ ಚಿಕ್ಕದಿರಬೇಕು. ಫೈಲಿನಲ್ಲಿರುವುದು 0.01. ಕೂದಲೆಳೆಯ ವ್ಯತ್ಯಾಸ, ಆದರೆ ಸ್ವಲ್ಪ ಹೊತ್ತಿನಲ್ಲೇ ಅತಿ ಸಣ್ಣ ಅಲೆಗಳು ಸ್ಫೋಟಿಸಿ ಅಂಕಿಗಳ ಜಾಗದಲ್ಲಿ ನ್ಯಾನ್ (ಸಂಖ್ಯೆಯೇ ಅಲ್ಲ ಎಂಬ ಗುರುತು) ಕಾಣಿಸುತ್ತದೆ. ಬಿಂದು ಹೆಚ್ಚಿಸಿದಾಗಲೆಲ್ಲ ಹೆಜ್ಜೆ ಇಳಿಸಿ. ಹಾಗಾಗಿಯೇ ಬದಿಯ ಬಿಂದುಗಳನ್ನು ಇಮ್ಮಡಿಸಿದರೆ ಖರ್ಚು 8 ಪಟ್ಟಲ್ಲ, 16 ಪಟ್ಟು.

ಮೆಮೊರಿಯನ್ನೂ ಮೊದಲೇ ಕೂಡಿಸಿ ನೋಡಿ. 512ರ ಘನದಷ್ಟು ಬಿಂದುಗಳಿಗೆ ಒಂದು ಸಂಖ್ಯೆಗೆ 8 ಬೈಟ್‌ನಂತೆ ಸರಿಯಾಗಿ 1 ಗಿಬಿಬೈಟ್. ಒಂದು ಸ್ಕೇಲರ್, ಒಂದು ಎಸ್‌ಯು-2 ಡಬ್ಲೆಟ್ (ನಾಲ್ಕು ಘಟಕಗಳ, ಹಿಗ್ಸ್‌ನಂಥ ಕ್ಷೇತ್ರ), ಜೊತೆಗೆ ಎರಡೂ ಗೇಜ್ ಗುಂಪು ಇರುವ ಮಾದರಿ ಎಂದುಕೊಳ್ಳಿ. ಕ್ಷೇತ್ರ ಮತ್ತು ಸಂವೇಗ ಸೇರಿ ಸ್ಕೇಲರ್‌ಗೆ 2, ಡಬ್ಲೆಟ್‌ಗೆ 8, ಯು-1ಕ್ಕೆ 6. ಎಸ್‌ಯು-2ರಲ್ಲಿ ಬಿಂದುಗಳ ನಡುವಿನ ಕೊಂಡಿಯೊಂದಕ್ಕೆ 4 ಸಂಖ್ಯೆಯಂತೆ ಮೂರು ದಿಕ್ಕಿಗೆ 12, ಅದರ ವಿದ್ಯುತ್ ಕ್ಷೇತ್ರಕ್ಕೆ 9. ಒಟ್ಟು 37 ಗಿಬಿಬೈಟ್, ಸ್ಪೆಕ್ಟ್ರಮ್ ತೆಗೆಯಲು ಬೇಕಾಗುವ ತಾತ್ಕಾಲಿಕ ಜಾಗ ಬೇರೆ. 256ಕ್ಕೆ ಇಳಿದರೆ 4.6 ಸಾಕು.

ಈಗ ಗೇಜ್ ಭಾಗ. ಕೆನೆತ್ ವಿಲ್ಸನ್ 1974ರಲ್ಲಿ ತೋರಿಸಿಕೊಟ್ಟ ಉಪಾಯವನ್ನೇ ಇಲ್ಲೂ ಅನುಸರಿಸಿದ್ದಾರೆ: ಗೇಜ್ ಕ್ಷೇತ್ರ ಕೂರುವುದು ಬಿಂದುವಿನಲ್ಲಲ್ಲ, ಬಿಂದುಗಳ ನಡುವಿನ ಕೊಂಡಿಯಲ್ಲಿ. ಅವಕಲನಗಳನ್ನು ನೇರವಾಗಿ ವ್ಯತ್ಯಾಸಗಳಾಗಿ ಬರೆದುಬಿಟ್ಟರೆ ಗೇಜ್ ಸಮ್ಮಿತಿ ಮುರಿದು, ಎಲ್ಲಿಂದಲೋ ಸುಳ್ಳು ಆವೇಶ ಹುಟ್ಟಿ ಬೆಳೆಯುತ್ತಾ ಹೋಗುತ್ತದೆ. ಕೊಂಡಿಗಳಿಂದ ಕಟ್ಟಿದರೆ ಸಮ್ಮಿತಿ ಜಾಲರಿಯ ಮೇಲೂ ನಿಖರ. ಗೌಸ್ ನಿಯಮದ (ಹೊರಹರಿಯುವ ವಿದ್ಯುತ್ ಫ್ಲಕ್ಸ್ ಒಳಗಿನ ಆವೇಶಕ್ಕೆ ಸರಿಹೊಂದಬೇಕು ಎಂಬುದು) ತಪ್ಪು ಡಬಲ್ ಪ್ರಿಸಿಷನ್‌ನ ಮಿತಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಇದಕ್ಕೆ ಪೂರ್ಣ ಅಂಕ. ಆದರೆ ಆರಂಭದ ಸ್ಥಿತಿಯೂ ನಿಯಮ ಪಾಲಿಸಬೇಕು. ಪೆಟ್ಟಿಗೆಯ ಅಂಚುಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಫ್ಲಕ್ಸ್ ಹೊರಹೋಗಲು ಜಾಗವಿಲ್ಲ, ಒಟ್ಟು ಆವೇಶ ಸೊನ್ನೆಯೇ ಆಗಬೇಕು. ಪ್ಯಾಕೇಜು ಯಾದೃಚ್ಛಿಕ ಏರಿಳಿತಗಳನ್ನು ಹಾಗೆಯೇ ಹೊಂದಿಸಿ, ಆಮೇಲೆ ವಿದ್ಯುತ್ ಕ್ಷೇತ್ರ ತುಂಬುತ್ತದೆ. ತಮ್ಮದೇ ಆರಂಭ ಸ್ಥಿತಿ ತುರುಕುವವರು ಎಡವುವುದು ಇಲ್ಲೇ: ಮೊದಲ ಹೆಜ್ಜೆಯಲ್ಲಿ ಗೌಸ್ ತಪ್ಪಿದರೆ ಕೊನೆಯವರೆಗೂ ತಪ್ಪೇ, ತಾನಾಗಿ ಸರಿಹೋಗದು.

ಹೊಸ ಮಾದರಿ ಬರೆಯುವುದೆಂದರೆ ಒಂದು ಹೆಡರ್ ಫೈಲ್. ವಿಭವದ ಪದಗಳನ್ನೂ ಅವುಗಳ ಮೊದಲ, ಎರಡನೇ ಅವಕಲನಗಳನ್ನೂ ಕೈಯಾರೆ ಬರೆಯಬೇಕು. ಅರ್ಧ ಕ್ಯೂ ಗುಣಿಸು ಫೈ ವರ್ಗ ಗುಣಿಸು ಕೈ ವರ್ಗ ಎಂಬ ಪದದಲ್ಲಿ ಕೈ ಕುರಿತ ಅವಕಲನ ತೆಗೆದಾಗ ಆ ಅರ್ಧ ಹೋಗಬೇಕು. ಮರೆತು ಉಳಿಸಿಕೊಂಡರೆ ಮಜಾ ನೋಡಿ: ಆರಂಭದಲ್ಲಿ ಕೈ ತೀರಾ ಚಿಕ್ಕದು, ಶಕ್ತಿಯ ಲೆಕ್ಕ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಕೈ ಬೆಳೆದ ಮೇಲಷ್ಟೇ ಬಣ್ಣ ಬಯಲು. ಆಗ ಹೆಜ್ಜೆಯನ್ನು ಅರ್ಧ ಮಾಡಿ ಮತ್ತೆ ಓಡಿಸಿ. ಎರಡನೇ ದರ್ಜೆಯ ವೆಲಾಸಿಟಿ ವರ್ಲೆಟ್ ಎಂಬ ಹೆಜ್ಜೆ ಹಾಕುವ ವಿಧಾನದಲ್ಲಿ ತಪ್ಪು ಕಾಲು ಭಾಗಕ್ಕೆ ಇಳಿದರೆ ಅದು ಹೆಜ್ಜೆಯ ದೋಷ, ಇಳಿಯದೆ ಕೂತರೆ ಅವಕಲನದ್ದು. ಕಂಪೈಲರ್ ಬೈಯುವ ತಪ್ಪಾದರೂ ಬೇಗ ಸಿಗುತ್ತದೆ ಎನ್ನೋಣವೆಂದರೆ, ಟೆಂಪ್ಲೇಟ್‌ಗಳ ಕೃಪೆಯಿಂದ ಒಂದು ಅರ್ಧವಿರಾಮಕ್ಕೆ ಎರಡು ಪುಟ ಬೈಗುಳ ಬರುತ್ತದೆ.

ಕಾಲವನ್ನು ವಿಶ್ವದ ಹಿಗ್ಗುವಿಕೆಗೆ ತಕ್ಕಂತೆ ಅಳೆಯುವ ಘಾತ ಆಲ್ಫಾ ಇನ್ನೊಂದು ಬಲೆ. ಫೈ-4ಕ್ಕೆ 1, ಫೈ ವರ್ಗಕ್ಕೆ 0. ಫೈ ವರ್ಗದ ವಿಭವಕ್ಕೆ 1 ಇಟ್ಟರೆ ಆ ಕಾಲದಲ್ಲಿ ಆಂದೋಲನ ವಿಶ್ವ ಹಿಗ್ಗಿದಷ್ಟೂ ಚುರುಕಾಗುತ್ತದೆ. ಹೆಜ್ಜೆ ಮಾತ್ರ ಓಟದುದ್ದಕ್ಕೂ ಒಂದೇ, ಕೊನೆಗೆ ಸಾಲುವುದಿಲ್ಲ. ಆರಂಭದ ಕ್ಷೇತ್ರಮೌಲ್ಯವನ್ನು ಜಿಇವಿ (ಗಿಗಾ ಎಲೆಕ್ಟ್ರಾನ್ ವೋಲ್ಟ್) ಮಾನದಲ್ಲಿ ಕೊಡಬೇಕು. ಪ್ಲಾಂಕ್ ದ್ರವ್ಯರಾಶಿಯ ಮಾನದಲ್ಲಿ 2.3 ಎಂದು ಬರೆದರೆ ಅದನ್ನು 2.3 ಜಿಇವಿ ಎಂದೇ ತಿಳಿಯುತ್ತದೆ.

ಇಷ್ಟೆಲ್ಲ ಪಾಸಾದರೂ ಉತ್ತರ ತಪ್ಪಿರಬಹುದು, ಇದೇ ನನ್ನ ದೊಡ್ಡ ತಕರಾರು. ತಕರಾರು ಪ್ಯಾಕೇಜಿನ ಮೇಲಲ್ಲ, ಅದನ್ನು ನಂಬುವ ರೀತಿಯ ಮೇಲೆ. ಗೌಸ್ ಮತ್ತು ಶಕ್ತಿಯ ಕಡತಗಳು ಹೇಳುವುದು ಒಂದೇ: ಈ ಜಾಲರಿಯ ಸಮೀಕರಣಗಳನ್ನು ಸರಿಯಾಗಿ ಬಿಡಿಸಿದೆ ಎಂದು. ಆ ಜಾಲರಿ ನಿಮ್ಮ ಭೌತಶಾಸ್ತ್ರಕ್ಕೆ ಸಾಕೇ ಎಂಬುದು ಅವಕ್ಕೆ ಗೊತ್ತಿಲ್ಲ. ಕ್ಯೂ 100 ಇದ್ದಾಗ ಅನುರಣನದ ಪಟ್ಟಿ (ಉಬ್ಬುವ ತರಂಗ ಸಂಖ್ಯೆಗಳ ವ್ಯಾಪ್ತಿ) ಸೊನ್ನೆಯಿಂದ ಸುಮಾರು 1.5ರವರೆಗೆ. ಅತಿ ಸಣ್ಣ ತರಂಗ ಸಂಖ್ಯೆ 0.75 ಆದರೆ ಅದರೊಳಗೆ ಬೀಳುವುದು ಬೆರಳೆಣಿಕೆಯಷ್ಟು ಮೌಲ್ಯಗಳು. ಪಾಠಕ್ಕೆ ಸಾಕು, ಪ್ರಬಂಧಕ್ಕೆ ಸಾಲದು. ಮತ್ತೊಂದು ತುದಿಯಲ್ಲಿ ಜಾಲರಿಯೇ ಸುಳ್ಳು ಹೇಳುತ್ತದೆ: ಒಂದು ಅಕ್ಷದ ಮಿತಿಯ (ಜಾಲರಿ ಹಿಡಿಯಬಲ್ಲ ಅತಿ ದೊಡ್ಡ ತರಂಗ ಸಂಖ್ಯೆಯ) ಅರ್ಧದಲ್ಲಿ ಅದು ಕಾಣುವ ತರಂಗ ಸಂಖ್ಯೆ ನಿಜಕ್ಕಿಂತ ಶೇ. 10 ಕಡಿಮೆ, ಮಿತಿಯಲ್ಲೇ ಶೇ. 36 ಕಡಿಮೆ. ಸ್ಪೆಕ್ಟ್ರಮ್‌ನ ಬಾಲ ಶಿಖರಕ್ಕಿಂತ ಹಲವು ಪಟ್ಟು ಕೆಳಗಿದೆಯೇ ನೋಡಿ. ಬಾಲ ಮೇಲಕ್ಕೆ ಬಾಗಿದ ಗಳಿಗೆಯಿಂದಾಚೆಯ ದತ್ತಾಂಶ ಬಿಸಾಡಿ, ಶಕ್ತಿ ಎಷ್ಟೇ ಚೆನ್ನಾಗಿ ಉಳಿದಿರಲಿ. ಪೆಟ್ಟಿಗೆ ಅದೇ ಇಟ್ಟು ಬಿಂದು ಇಮ್ಮಡಿಸಿ, ಎರಡು ವಕ್ರರೇಖೆಗಳು ಎಲ್ಲಿಯವರೆಗೆ ಒಂದರ ಮೇಲೊಂದು ಕೂರುತ್ತವೋ ಅಲ್ಲಿಯವರೆಗೆ ಮಾತ್ರ ಬರೆಯಿರಿ.

ಫರ್ಮಿಯಾನ್ (ಎಲೆಕ್ಟ್ರಾನ್‌ನಂಥ ಕಣ) ಬೇಕಾದವರಿಗೆ ಇದು ಅಲ್ಲ. ಕಣಸಂಖ್ಯೆ ಕಡಿಮೆಯಾಗಿ ಕ್ವಾಂಟಂ ಪರಿಣಾಮ ಮುಖ್ಯವಾಗುವ ಹಂತಕ್ಕೂ, ಅಂದರೆ ಪೂರ್ತಿ ಉಷ್ಣ ಸಮತೋಲನದವರೆಗಿನ ಓಟಕ್ಕೂ, ಇದನ್ನು ಎಳೆದೊಯ್ಯಬೇಡಿ. ಪ್ರೀಹೀಟಿಂಗ್ (ಆರಂಭದಲ್ಲಿ ಹೇಳಿದ ಅನುರಣನದ ಗದ್ದಲ), ಅದರಿಂದೇಳುವ ಗುರುತ್ವ ತರಂಗ, ಹಿಗ್ಸ್‌ನಿಂದ ಗೇಜ್ ಬೋಸಾನ್‌ಗಳಿಗೆ ಹರಿಯುವ ಶಕ್ತಿ ಇವಕ್ಕಾದರೆ ಸ್ವಂತ ಕೋಡ್ ಬರೆಯಲು ಕೂರುವ ಮೊದಲು ಇದನ್ನೇ ಇಳಿಸಿಕೊಳ್ಳಿ.