ಬ್ರಾಕೆಟ್ ಬೇಕಾ, ಸ್ಟಾರ್ ಸಾಕಾ?

ನಮ್ಮ ಪೈಟೆಸ್ಟ್ (ಪೈಥಾನ್ ಕೋಡ್ ಪರೀಕ್ಷಿಸುವ ಸಾಧನ) ಫೋಲ್ಡರ್‌ನಲ್ಲಿ ಒಂದು ಪುಟ್ಟ ಫಂಕ್ಷನ್ ಇದೆ. ವೆಬ್ ಪುಟದ ಟೆಕ್ಸ್ಟ್ ಜೊತೆಗೆ ಅದರಲ್ಲಿ ಇರಲೇಬೇಕಾದ ಪದಗಳ ಲಿಸ್ಟ್ ಕೊಟ್ಟರೆ ಒಂದೊಂದನ್ನೇ ಹುಡುಕುತ್ತದೆ. ಜಾಸ್ತಿ ಟೆಸ್ಟ್‌ಗಳಲ್ಲಿ ಹುಡುಕುವುದು ಒಂದೇ ಪದ. ಪೈಥಾನ್‌ನಲ್ಲಿ ಲಿಸ್ಟ್ ಬರೆಯುವುದು ಚೌಕ ಬ್ರಾಕೆಟ್‌ನಲ್ಲಿ, ಹಾಗಾಗಿ ಆ ಒಂದಕ್ಕೂ ಬ್ರಾಕೆಟ್ ಹಾಕಬೇಕು.

ಬರೀ ಕಿರಿಕಿರಿ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಒಮ್ಮೆ ಬ್ರಾಕೆಟ್ ಮರೆತು ‘ಪೇಯ್ಡ್’ ಅಂತ ಸ್ಟ್ರಿಂಗನ್ನೇ (ಬರೀ ಅಕ್ಷರಗಳ ಸಾಲು) ಕೊಟ್ಟುಬಿಟ್ಟೆ. ಪೈಥಾನ್‌ನಲ್ಲಿ ಸ್ಟ್ರಿಂಗ್ ಮೇಲೂ ಲೂಪ್ ಓಡುತ್ತದೆ ಅಲ್ವಾ? ಅದು ಪಿ, ಎ, ಐ, ಡಿ ಅಂತ ನಾಲ್ಕು ಅಕ್ಷರಗಳನ್ನು ಬಿಡಿಬಿಡಿಯಾಗಿ ಹುಡುಕಿತು. ಇಂಗ್ಲಿಷ್ ಪುಟದಲ್ಲಿ ಆ ನಾಲ್ಕು ಸಿಗದೆ ಇರುತ್ತವಾ? ಪುಟದಲ್ಲಿ ‘ಪೆಂಡಿಂಗ್’ ಅಂತಿತ್ತು, ಆದರೂ ಟೆಸ್ಟ್ ಹಸಿರಾಗಿತ್ತು, ಅಂದರೆ ಪಾಸ್.

ಆಮೇಲೆ ಬೇರೆ ದಾರಿಗಳನ್ನು ನೋಡಿದೆ.

ಒಂದೇ ಸ್ಟ್ರಿಂಗ್‌ನಲ್ಲಿ ಎಲ್ಲ ಪದ ಬರೆದು ಸ್ಪೇಸ್ ಇದ್ದಲ್ಲಿ ಒಡೆಯುವುದು ಮೊದಲನೆಯದು. ಪೈಥಾನ್‌ನ ನೇಮ್‌ಡ್‌ಟಪಲ್ (ಹೆಸರಿಟ್ಟ ಫೀಲ್ಡ್‌ಗಳ ಗುಂಪು) ಕೂಡ ಫೀಲ್ಡ್ ಹೆಸರುಗಳನ್ನು ಹೀಗೆ ತೆಗೆದುಕೊಳ್ಳುತ್ತದೆ. ನೋಡಲು ಚೆಂದ. ಆದರೆ ‘ಔಟ್ ಫಾರ್ ಡೆಲಿವರಿ’ ಬಂದ ದಿನವೇ ಅದು ಮೂರು ತುಂಡಾಯಿತು. ಕೈಬಿಟ್ಟೆ.

ಎರಡನೆಯದು ಪ್ಯಾರಾಮೆಟ್ರೈಜ್, ಒಂದೇ ಟೆಸ್ಟನ್ನು ಬೇರೆ ಬೇರೆ ಮೌಲ್ಯಗಳಿಗೆ ಓಡಿಸುವ ಪೈಟೆಸ್ಟ್ ಸೌಲಭ್ಯ. ಅದರಲ್ಲಿ ಪದಕ್ಕೊಂದು ಟೆಸ್ಟ್. ಯಾವುದು ಫೇಲ್ ಅಂತ ಹೆಸರಲ್ಲೇ ಕಾಣುತ್ತದೆ, ಉಳಿದವು ನಿಲ್ಲುವುದಿಲ್ಲ. ಆದರೆ ಫಿಕ್ಸ್‌ಚರ್ (ಟೆಸ್ಟ್‌ಗೆ ಮುಂಚೆ ಪುಟ ಸಿದ್ಧಮಾಡುವ ಕೋಡ್) ಎಷ್ಟು ಟೆಸ್ಟ್‌ಗೆ ಒಮ್ಮೆ ಓಡಬೇಕು ಅನ್ನುವ ಸ್ಕೋಪ್ ಬದಲಿಸದಿದ್ದರೆ ಐದು ಪದಕ್ಕೆ ಪುಟ ಐದು ಸಲ ಲೋಡ್ ಆಗುತ್ತದೆ. ಒಂದೇ ಪುಟ ನೋಡಲು ಇಷ್ಟು ಸಂಭ್ರಮ ಬೇಡ ಅನ್ನಿಸಿತು.

ನನಗೆ ಒಗ್ಗಿದ್ದು ಸ್ಟಾರ್. ಫಂಕ್ಷನ್ ಬರೆಯುವಾಗ ಪದಗಳನ್ನು ತೆಗೆದುಕೊಳ್ಳುವ ಪ್ಯಾರಾಮೀಟರ್ ಹೆಸರಿನ ಮುಂದೆ ಒಂದು ಸ್ಟಾರ್ (*) ಇಟ್ಟರೆ, ಪದ ಒಂದಿರಲಿ ಹತ್ತಿರಲಿ, ಕಾಮಾ ಹಾಕಿ ಕೊಡುತ್ತಾ ಹೋಗಬಹುದು. ಇಲ್ಲೂ ಕೈ ತಪ್ಪುತ್ತದೆ: ಹಳೇ ಅಭ್ಯಾಸದಲ್ಲಿ ಲಿಸ್ಟ್ ಕೊಟ್ಟುಬಿಡುತ್ತೇವೆ. ಆದರೆ ಸ್ಟ್ರಿಂಗ್‌ನಲ್ಲಿ ಲಿಸ್ಟ್ ಹುಡುಕು ಅಂದರೆ ಪೈಥಾನ್ ತಕ್ಷಣ ಟೈಪ್‌ಎರರ್ ಎಸೆಯುತ್ತದೆ. ಅಲ್ಲಿ ತಪ್ಪು ಮಾಡಿದರೆ ಸದ್ದಿಲ್ಲ, ಇಲ್ಲಿ ಮಾಡಿದರೆ ಕೂಗಾಟ. ಲಿಸ್ಟ್ ಮೊದಲೇ ಸಿದ್ಧವಿದ್ದರೆ ಕರೆಯುವಾಗಲೂ ಅದರ ಮುಂದೆ ಸ್ಟಾರ್ ಹಾಕಿದರಾಯಿತು.

ಒಂದು ತೂತು ಮಾತ್ರ ಲಿಸ್ಟ್, ಸ್ಟಾರ್ ಎರಡರಲ್ಲೂ ಇದೆ. ಪದವೇ ಇಲ್ಲದಿದ್ದರೆ ಲೂಪ್ ಓಡುವುದಿಲ್ಲ, ಟೆಸ್ಟ್ ಪಾಸ್. ಹಾಗಾಗಿ ಫಂಕ್ಷನ್‌ನ ಮೊದಲ ಸಾಲಲ್ಲೇ ‘ಕನಿಷ್ಠ ಒಂದಾದರೂ ಪದ ಬೇಕು’ ಅಂತ ಅಸರ್ಟ್ (ಷರತ್ತು ಸುಳ್ಳಾದರೆ ಟೆಸ್ಟ್ ಫೇಲ್ ಮಾಡುವ ಸಾಲು) ಇಟ್ಟೆ. ಸಿಗದ ಪದಗಳನ್ನೆಲ್ಲ ಕೂಡಿಹಾಕಿ ಕೊನೆಗೆ ಒಂದೇ ಸಲ ಹೇಳುವಂತೆಯೂ ಮಾಡಿದೆ.

ಸ್ಟಾರ್ ಹಾಕಿ, ಹಳೇ ಬ್ರಾಕೆಟ್‌ಗಳನ್ನೆಲ್ಲ ತೆಗೆದು ಪೂರ್ತಿ ಸೂಟ್ (ಎಲ್ಲ ಟೆಸ್ಟ್‌ಗಳು) ಓಡಿಸಿದಾಗ ಇನ್ನೂ ಎರಡು ಟೆಸ್ಟ್ ಕೆಂಪಾದವು. ಅಲ್ಲೂ ಮೊದಲಿನಿಂದಲೇ ಬ್ರಾಕೆಟ್ ಇರಲಿಲ್ಲ.